ತೋಳಿನ ಪಟ್ಟಿ ಮತ್ತು 14 ದಿನ

ಕಿರಿಮಂಜೇಶ್ವರದಂಥ ಕರಾವಳಿ ಊರು ಅಂದ ಕೂಡಲೇ ಮೀನು, ಕುಚ್ಚಲಕ್ಕಿ ಗಂಜಿ, ತೆಂಗು ಕಣ್ಮುಂದೆ ಬರುತ್ತೆ. ಇಲ್ಲಿ ಎಂಥ ಅಪೌಷ್ಟಿಕತೆ ಮಾರ್ರೆ ಅಂತ ಕೇಳ್ಬಹುದು. ಗಂಜಿಯಿಂದ ಹೊಟ್ಟೆ ತುಂಬುತ್ತೆ, ಕಬ್ಬಿಣಾಂಶ ಸಾಕಾಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಶೇ. 35.4 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. (ಇದು ಇಡೀ ರಾಜ್ಯದ ಲೆಕ್ಕ, ನಮ್ಮೂರಿನದ್ದಲ್ಲ.)

ಎತ್ತರ ಕಡಿಮೆ ಅಂದ್ರೆ ಹಳೇ ಕೊರತೆ. ಎತ್ತರಕ್ಕೆ ತಕ್ಕ ತೂಕ ಇಲ್ಲ ಅಂದ್ರೆ ಇತ್ತೀಚಿನ ಕುಸಿತ: ಭೇದಿ, ಜ್ವರ, ಮನೆಯಲ್ಲಿ ದುಡ್ಡಿಲ್ಲದ ವಾರಗಳು. ಜೂನ್–ಜುಲೈಯ 61 ದಿನ ಯಾಂತ್ರಿಕ ಬೋಟು ಕಡಲಿಗಿಳಿಯೋ ಹಾಗಿಲ್ಲ, ಭೇದಿ ಕಾಟವೂ ಅದೇ ಮಳೆಗಾಲದಲ್ಲಿ.

ಇದನ್ನು ಪತ್ತೆ ಮಾಡೋಕೆ ಮಗುವಿನ ತೋಳಿಗೆ ಸುತ್ತುವ ಬಣ್ಣದ ಪಟ್ಟಿ ಸಾಕು. ಆರು ತಿಂಗಳು ದಾಟಿದ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದ್ರೆ ತೀವ್ರ ಅಪೌಷ್ಟಿಕತೆ. ಮಗು ಚೆನ್ನಾಗಿ ತಿನ್ತಾ ಇದೆ, ಬೇರೆ ತೊಂದರೆ ಇಲ್ಲ ಅಂದ್ರೆ ಊರಲ್ಲೇ ಆರೈಕೆ ಸಾಧ್ಯ. ಇಲ್ಲದಿದ್ರೆ ಪೌಷ್ಟಿಕ ಪುನಶ್ಚೇತನ ಕೇಂದ್ರ, ಸುಮಾರು 14 ದಿನ.

ಕಷ್ಟ ಇರೋದು ಈ 14 ದಿನದಲ್ಲಿ. ಚಿಕಿತ್ಸೆ ಉಚಿತ, ತಾಯಿಗೆ ಕೂಲಿನಷ್ಟದ ಹಣವೂ ಸಿಗುತ್ತೆ. ಸರಿ, ಮನೆಯಲ್ಲಿರೋ ಇನ್ನೊಂದು ಮಗುವನ್ನು, ದನವನ್ನು ಯಾರು ನೋಡ್ತಾರೆ? ಅದಕ್ಕೇ ಕೇಂದ್ರಗಳ ಸಂಖ್ಯೆಗಿಂತ ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಕ ನೋಡೋದೇ ದೊಡ್ಡದು ಅನ್ನಿಸುತ್ತೆ. ಮನೆಯಲ್ಲಿ ಚಿಕ್ಕ ಮಗು ಇದ್ರೆ ತಾಯಿ ಕಾರ್ಡ್ ತೆಗೆದು ನೋಡಿ. ಬೆಳವಣಿಗೆಯ ಗೆರೆ ಎರಡು ತಿಂಗಳಿಂದ ಮೇಲೇರದೆ ಅಡ್ಡಡ್ಡ ಹೋಗಿದ್ಯಾ? ಪಟ್ಟಿ ಕೆಂಪಿಗೆ ಬರೋ ತನಕ ಕಾಯ್ಬೇಡಿ, ಆಶಾ ಕಾರ್ಯಕರ್ತೆಗೆ ಈಗ್ಲೇ ಫೋನ್ ಮಾಡಿ.