ಸಮಾಕ್ಷ ಕೇಬಲ್ಲಿನ ತುದಿಯನ್ನು ಬೆಸೆಯುವ ಕ್ರಮ

ಅಧಿಕ ಆವೃತ್ತಿಯ ವಿದ್ಯುತ್ ಸಂಕೇತಗಳನ್ನು ಒಯ್ಯಲು ಸಮಾಕ್ಷ ಕೇಬಲ್ಲನ್ನು ಉಪಯೋಗಿಸುವುದು ವಾಡಿಕೆ. ಬಳಕೆಯ ಮಾತಿನಲ್ಲಿ ಇದಕ್ಕೆ ಕೊಯಾಕ್ಸಿಯಲ್ ಕೇಬಲ್ ಎಂದು ಹೆಸರು. ನಡುವೆ ತಾಮ್ರದ ತಂತಿ, ಅದರ ಸುತ್ತ ಪಾಲಿಥೀನಿನ ಅವಾಹಕ ಪದರ, ಅದರ ಮೇಲೆ ತಾಮ್ರದ ಎಳೆಗಳ ಹೆಣಿಗೆ, ಎಲ್ಲಕ್ಕೂ ಹೊರಗೆ ಪ್ಲಾಸ್ಟಿಕ್ ಹೊದಿಕೆ: ಇದು ಅದರ ರಚನೆ. ಆಲಿವರ್ ಹೆವಿಸೈಡ್ 1880ರಲ್ಲಿಯೇ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದನು. ಹವ್ಯಾಸಕ್ಕಾಗಿ ಉಪಕರಣಗಳನ್ನು ಕಟ್ಟುವವರು ಇದನ್ನೂ ಸಾಮಾನ್ಯ ತಂತಿಯೆಂದೇ ಎಣಿಸಿ ಬೆಸೆಯುವುದುಂಟು. ಆಗ ಬೆಸುಗೆಯಲ್ಲಿರುವ ದೋಷವನ್ನು ವಿದ್ಯುನ್ಮಂಡಲದಲ್ಲಿ ಹುಡುಕುತ್ತ ದಿನಗಳೇ ಕಳೆದುಹೋಗುತ್ತವೆ.

ಕೇಬಲ್ಲಿನ ಗುಣವು ಅದರ ಆಕಾರವನ್ನು ಅವಲಂಬಿಸಿದೆ. ಒಳ ತಂತಿಯ ಮತ್ತು ಹೆಣಿಗೆಯ ವ್ಯಾಸಗಳ ಪ್ರಮಾಣವೂ ನಡುವಣ ಅವಾಹಕವೂ ಸೇರಿ ಅದರ ವಿಶಿಷ್ಟ ಇಂಪೀಡೆನ್ಸನ್ನು ನಿರ್ಧರಿಸುತ್ತವೆ. ಸುಮಾರು 5 ಮಿಲಿಮೀಟರ್ ದಪ್ಪದ ಆರ್‌ಜಿ-58 ಕೇಬಲ್ಲಿನಲ್ಲಿ ಇದು 50 ಓಮ್. ಒಳ ತಂತಿಯು ಅಕ್ಷದಿಂದ ಸರಿದರೆ ಆ ಸ್ಥಳದಲ್ಲಿ ಇಂಪೀಡೆನ್ಸ್ ಕುಗ್ಗಿ, ಸಂಕೇತದ ಒಂದಂಶವು ಹಿಂದಕ್ಕೆ ಪ್ರತಿಫಲಿಸುತ್ತದೆ.

ತೊಡಕಿರುವುದು ಉಷ್ಣತೆಯಲ್ಲಿ. ತವರ ಮತ್ತು ಸೀಸದ ಸಾಮಾನ್ಯ ಬೆಸುಗೆಯು ಕರಗಲು 183 ಡಿಗ್ರಿ ಸೆಂಟಿಗ್ರೇಡ್ ಬೇಕು. ಸೋಲ್ಡರಿಂಗ್ ಐರನ್ನಿನ ತುದಿ 350 ಡಿಗ್ರಿಯ ಸುಮಾರಿನಲ್ಲಿರುತ್ತದೆ. ಪಾಲಿಥೀನಾದರೋ 110 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಆದುದರಿಂದ ಶಾಖವು ಒಳಗೆ ಹರಿಯುವ ಮೊದಲೇ ಬೆಸುಗೆ ಮುಗಿಯಬೇಕು. ಚಿಕ್ಕ ಮೊನೆಯನ್ನು ಬಹುಕಾಲ ಒತ್ತಿಹಿಡಿಯುವುದಕ್ಕಿಂತ, ಚೆನ್ನಾಗಿ ಕಾದ ಅಗಲವಾದ ಮೊನೆಯನ್ನು ಎರಡು ಮೂರು ಸೆಕೆಂಡು ತಾಗಿಸುವುದೇ ಲೇಸು.

ನಾವು ಅನುಸರಿಸುವ ಕ್ರಮ ಹೀಗಿದೆ. ಹೊರ ಹೊದಿಕೆಯ ಸುತ್ತ ಹರಿತವಾದ ಅಲಗಿನಿಂದ ಹಗುರವಾಗಿ ಗೀರಿ, ಕೇಬಲ್ಲನ್ನು ಬಾಗಿಸಿದರೆ ಹೊದಿಕೆಯು ಗೀರಿನಲ್ಲಿ ಬಿರಿಯುತ್ತದೆ. ಹೆಣಿಗೆಯ ಎಳೆಗಳು ಕತ್ತರಿಸಿಹೋಗುವುದಿಲ್ಲ. ಹೀಗೆ 15 ಮಿಲಿಮೀಟರಿನಷ್ಟು ಸುಲಿದು, ಎಳೆಗಳನ್ನು ಬಿಡಿಸಿ ಎರಡು ಪಾಲು ಮಾಡಿ ಹುರಿಗೊಳಿಸಬೇಕು. ಅವುಗಳನ್ನು ಅವಾಹಕದಿಂದ ದೂರಕ್ಕೆ ಬಾಗಿಸಿ, ಬುಡವನ್ನು ಚಿಮಟಿಗೆಯಲ್ಲಿ ಹಿಡಿದು, ತುದಿಗಳಿಗೆ ಮಾತ್ರ ಬೆಸುಗೆ ಲೇಪಿಸಬೇಕು. ಚಿಮಟಿಗೆಯು ಶಾಖವನ್ನು ಹೀರಿಕೊಳ್ಳುತ್ತದೆ. ಬಳಿಕ ಒಳ ತಂತಿಯನ್ನು 3 ಮಿಲಿಮೀಟರಿನಷ್ಟು ತೆರೆದು ಲೇಪಿಸಬೇಕು. ಬೆಸೆಯಬೇಕಾದ ಫಲಕದ ತಾಮ್ರಕ್ಕೂ ಮೊದಲೇ ಲೇಪವಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಬೆಸುಗೆ ತಣ್ಣಗಾಗುವವರೆಗೆ ಕೇಬಲ್ಲನ್ನು ನೆಟ್ಟಗೆ ಹಿಡಿದಿರಬೇಕು. ಮೆತ್ತಗಾದ ಪಾಲಿಥೀನಿನಲ್ಲಿ ತಂತಿ ಸರಿಯುವುದು ಬಾಗಿಸಿದಾಗಲೇ.

ಕೊನೆಗೆ ಹುರಿಯನ್ನು ಸಾಧ್ಯವಾದಷ್ಟು ಮೋಟಾಗಿ ಕತ್ತರಿಸಿ ಬೆಸೆಯಬೇಕು. ಒಂದು ಸೆಂಟಿಮೀಟರ್ ತಂತಿಯ ಪ್ರೇರಕತ್ವವು ಸುಮಾರು 10 ನ್ಯಾನೋಹೆನ್ರಿ. 100 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಅದು 6 ಓಮಿನಷ್ಟು ತಡೆಯೊಡ್ಡಿದರೆ, 1000 ಮೆಗಾಹರ್ಟ್ಸ್‌ನಲ್ಲಿ 60 ಓಮಿಗೂ ಮೀರಿ ಕೇಬಲ್ಲಿನ ಇಂಪೀಡೆನ್ಸನ್ನೇ ದಾಟುತ್ತದೆ. ಹೆಣಿಗೆಯನ್ನು ಎರಡು ಪಾಲು ಮಾಡಿ ಇಕ್ಕೆಲಗಳಲ್ಲಿ ಬೆಸೆಯುವುದರಿಂದ ಈ ತಡೆ ಬಹುಮಟ್ಟಿಗೆ ತಗ್ಗುತ್ತದೆ.

ಮಲ್ಟಿಮೀಟರಿನಿಂದ ಪರೀಕ್ಷಿಸಿದರೆ ತಂತಿ ಕಡಿದಿರುವುದೂ ಹೆಣಿಗೆಗೆ ತಗುಲಿರುವುದೂ ತಿಳಿಯುತ್ತದೆ. ತಂತಿ ಅಕ್ಷದಿಂದ ಸರಿದಿರುವುದು ತಿಳಿಯದು. ಅವಾಹಕವು ಉಬ್ಬಿದಂತೆ ಕಂಡರೆ ತುದಿಯನ್ನು ಕತ್ತರಿಸಿ ಮತ್ತೆ ಬೆಸೆಯುವುದೇ ಸರಿ. ಟೆಫ್ಲಾನ್ ಅವಾಹಕವಿರುವ ಆರ್‌ಜಿ-316 ಕೇಬಲ್ಲಿನಲ್ಲಿ ಈ ಭಯ ಬಹಳ ಕಡಿಮೆ, ಏಕೆಂದರೆ ಟೆಫ್ಲಾನ್ ಕರಗುವುದು 327 ಡಿಗ್ರಿಯಲ್ಲಿ. ಆದರೆ ಅದರ ಬೆಲೆ ಹೆಚ್ಚು. ಪಾಲಿಥೀನಿನ ಕೇಬಲ್ಲಿನಲ್ಲಿ ಮೇಲಿನ ಕ್ರಮವನ್ನು ರೂಢಿಸಿಕೊಂಡವರು ಅಗ್ಗದ ಸಾಮಗ್ರಿಯಿಂದಲೂ ನಂಬತಕ್ಕ ಅಳತೆಗಳನ್ನು ಪಡೆಯಬಲ್ಲರು.