ಬ್ರಿಡ್ಜ್ ಹಲ್ಲಿಗೆ ಕಲ್ಲು ಹೇಗೆ ಗೊತ್ತಾಗುತ್ತದೆ?

ಅನ್ನದಲ್ಲಿದ್ದ ಸಣ್ಣ ಕಲ್ಲು ಹಲ್ಲಿಗೆ ತಾಗಿದ ಕ್ಷಣವೇ ದವಡೆ ನಿಂತುಬಿಡುತ್ತದೆ. ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಸ್ಥಿರವಾಗಿ ಕೂರಿಸಿದ ಬ್ರಿಡ್ಜ್ ಹಲ್ಲಿಗೂ ಇದು ಗೊತ್ತಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಗೊತ್ತಾಗುತ್ತದೆ. ಆದರೆ ಆ ಅರಿವು ಲೋಹದ್ದೂ ಅಲ್ಲ, ಪಿಂಗಾಣಿಯದೂ ಅಲ್ಲ.

ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಒತ್ತಡವನ್ನು ಗುರುತಿಸುವ ನರತುದಿಗಳು ಅದರಲ್ಲಿವೆ. ತಲೆಗೂದಲಿಗಿಂತ ತೆಳುವಾದ, 0.02 ಮಿಲಿಮೀಟರ್ ಆಸುಪಾಸಿನ ಹಾಳೆಯೊಂದು ಸಹಜ ಹಲ್ಲುಗಳ ನಡುವೆ ಸಿಕ್ಕರೂ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಬ್ರಿಡ್ಜ್‌ನ ನಡುವಿನ ಕೃತಕ ಹಲ್ಲಿಗೆ ಬೇರೇ ಇಲ್ಲ. ಅದರ ಮೇಲೆ ಬಿದ್ದ ಒತ್ತಡ ಎರಡು ಬದಿಯ ಆಧಾರ ಹಲ್ಲುಗಳಿಗೆ ಹೋಗುತ್ತದೆ. ಕಚ್ಚುವುದು ಒಂದು, ಅರಿಯುವುದು ಅದರ ನೆರೆಯವು!

ರುಚಿ ಕೆಡುವ ಭಯ ಬೇಡ. ರುಚಿಯ ಮೊಗ್ಗುಗಳು ಹೆಚ್ಚಾಗಿ ನಾಲಿಗೆಯಲ್ಲಿವೆ. ಪೂರ್ಣ ದಂತಪಂಕ್ತಿಯಂತೆ ಬ್ರಿಡ್ಜ್ ಅಂಗುಳನ್ನು ಮುಚ್ಚುವುದಿಲ್ಲ.

ಬಿಸಿ-ತಂಪಿನ ವಿಷಯ ಬೇರೆ. ಕವಚ ತೊಡಿಸಲು ಆಧಾರ ಹಲ್ಲನ್ನು ಉಜ್ಜಿ ಚಿಕ್ಕದು ಮಾಡಿರುತ್ತಾರೆ. ಹಾಗಾಗಿ ಆರಂಭದ ದಿನಗಳಲ್ಲಿ ಫಜ್ರ್‌ನ ವುಝೂ ಮಾಡುವಾಗ ಬಾಯಿ ಮುಕ್ಕಳಿಸಿದ ತಣ್ಣೀರಿಗೆ ಹಲ್ಲು ಜುಮ್ಮೆನ್ನಬಹುದು. ಸಾಮಾನ್ಯವಾಗಿ ಇದು ತಾನಾಗಿಯೇ ತಗ್ಗುತ್ತದೆ. ನೀರು ಉಗುಳಿದ ಮೇಲೂ ನೋವು ಬಹಳ ಹೊತ್ತು ಉಳಿದರೆ, ರಾತ್ರಿ ನಿದ್ದೆಗೆಡಿಸಿದರೆ ವೈದ್ಯರಿಗೆ ತೋರಿಸಿ. ಕಚ್ಚುವಾಗ ಮಾತ್ರ ನೋವಾದರೆ ಬ್ರಿಡ್ಜ್ ತುಸು ಎತ್ತರವಾಗಿರಬಹುದು. ಅದನ್ನು ಸರಿಪಡಿಸುವುದು ಕೆಲವೇ ನಿಮಿಷಗಳ ಕೆಲಸ. ಅಭ್ಯಾಸವಾಗುತ್ತದೆಂದು ಸಹಿಸಿಕೊಂಡು ಕೂರಬೇಡಿ.

ನನ್ನ ದೃಷ್ಟಿಯಲ್ಲಿ ನೋವಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ನೋವಿಲ್ಲದಿರುವಾಗ. ಆಧಾರ ಹಲ್ಲಿಗೆ ಬೇರುನಾಳ ಚಿಕಿತ್ಸೆ ಆಗಿದ್ದರೆ ಒಳಗಿನ ನರ ಇರುವುದಿಲ್ಲ. ಹೊರಗಿನ ನಾರಿನ ಪದರ ಉಳಿದಿರುವುದರಿಂದ ಒತ್ತಡ ತಿಳಿಯುತ್ತದೆ, ಬಿಸಿ-ತಂಪು ತಿಳಿಯುವುದಿಲ್ಲ. ಕವಚದಡಿ ಹುಳುಕು ಹಿಡಿದರೂ ಆ ಹಲ್ಲು ಬಹುಕಾಲ ಸದ್ದಿಲ್ಲದೆ ಇರಬಲ್ಲದು. ಒಂದು ತುದಿಯ ಸಿಮೆಂಟ್ ಬಿಟ್ಟುಕೊಂಡು ಇನ್ನೊಂದು ತುದಿ ಗಟ್ಟಿಯಾಗಿರುವಾಗಲೂ ಹೀಗೇ. ಕಚ್ಚಿದಾಗ ಎಂಜಲು ಒಸರಿದಂತಾಗುವುದು, ಒಂದೇ ಕಡೆಯಿಂದ ಕೆಟ್ಟ ರುಚಿ ಅಥವಾ ವಾಸನೆ, ಬ್ರಿಡ್ಜ್ ಸ್ವಲ್ಪ ಅಲುಗಿದಂತೆ ಅನಿಸುವುದು – ಇವೇ ಆಗ ಸಿಗುವ ಸೂಚನೆಗಳು.

ಮಿಸ್ವಾಕ್ ಆಗಲಿ ಬ್ರಷ್ ಆಗಲಿ ಹೊರಮೈಯನ್ನು ಚೆನ್ನಾಗಿ ಶುಚಿ ಮಾಡುತ್ತದೆ, ಕೃತಕ ಹಲ್ಲಿನ ಅಡಿಗೆ ತಲುಪುವುದಿಲ್ಲ. ಅಲ್ಲಿಗೆ ತುದಿ ಗಟ್ಟಿಯಿರುವ ವಿಶೇಷ ಫ್ಲಾಸ್ ದಾರ ಬೇಕು. ಅದನ್ನು ತೂರಿಸುವ ಬಗೆಯನ್ನು ಬ್ರಿಡ್ಜ್ ಕೂರಿಸಿದ ದಿನವೇ ಕನ್ನಡಿಯ ಮುಂದೆ ತೋರಿಸಿಕೊಡುವಂತೆ ಕೇಳಿ.