ಮುಪ್ಪು, ಡಬ್ಬದ ಪುಡಿ ಮತ್ತು ಹುರುಳಿಕಾಳು

ಹಬ್ಬಕ್ಕೆಂದು ಬೆಂಗಳೂರಿನಿಂದ ನಂಜನಗೂಡಿಗೋ ತಿ. ನರಸೀಪುರಕ್ಕೋ ಬರುವ ಮಕ್ಕಳ ಚೀಲದಲ್ಲಿ ಈಗ ಅಪ್ಪ-ಅಮ್ಮನಿಗೊಂದು ಡಬ್ಬವೂ ಇರುತ್ತದೆ: ಅಮೈನೋ ಆಮ್ಲದ ಪುಡಿ, ಇಲ್ಲವೇ ಆಂಟಿಆಕ್ಸಿಡೆಂಟ್ ಮಾತ್ರೆ. ಪ್ರೀತಿಯಿಂದ ತಂದದ್ದೇ, ಸಂದೇಹವಿಲ್ಲ. ಆದರೆ ಅದರ ಜೊತೆಗೆ ಕೆಲವು ತಪ್ಪು ತಿಳಿವಳಿಕೆಗಳೂ ಮನೆಯೊಳಗೆ ಬರುತ್ತಿವೆ.

ತಪ್ಪು ಕಲ್ಪನೆ: ಆಂಟಿಆಕ್ಸಿಡೆಂಟ್ ಹೊರಗಿನಿಂದಲೇ ಬರಬೇಕು.
ಸತ್ಯ: ನಮ್ಮ ಜೀವಕೋಶಗಳೇ ಗ್ಲುಟಾಥಯೋನ್ ಎಂಬ ಪ್ರಬಲ ಆಂಟಿಆಕ್ಸಿಡೆಂಟನ್ನು ತಯಾರಿಸುತ್ತವೆ. ಅದಕ್ಕೆ ಬೇಕಾದದ್ದು ಮೂರು ಅಮೈನೋ ಆಮ್ಲಗಳು: ಗ್ಲುಟಾಮೇಟ್, ಸಿಸ್ಟೀನ್, ಗ್ಲೈಸಿನ್. ವಯಸ್ಸಾದಂತೆ ಈ ತಯಾರಿಕೆ ಕುಗ್ಗುತ್ತದೆ ಎಂಬುದು ನಿಜ.

ತಪ್ಪು ಕಲ್ಪನೆ: ಹಾಗಾದರೆ ಅಮೈನೋ ಆಮ್ಲದ ಪುಡಿ ತಿಂದರೆ ಮುಪ್ಪು ಹಿಂದೆ ಸರಿಯುತ್ತದೆ.
ಸತ್ಯ: 2011ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ 8 ಮಂದಿ ಹಿರಿಯರಿಗೆ 14 ದಿನ ಗ್ಲೈಸಿನ್ ಮತ್ತು ಸಿಸ್ಟೀನಿನ ಒಂದು ರೂಪವನ್ನು ಕೊಟ್ಟಾಗ ಅವರ ಗ್ಲುಟಾಥಯೋನ್ ಏರಿತು. ಭರವಸೆಯ ಸುದ್ದಿಯೇ, ಆದರೆ ಅವರು ಎಂಟೇ ಜನ. 2022ರಲ್ಲಿ ಇದೇ ಜೋಡಿಯನ್ನು ಕೊಟ್ಟು 114 ಹಿರಿಯರ ಮೇಲೆ ಎರಡು ವಾರ ನಡೆದ ಪ್ರಯೋಗದಲ್ಲಿ ಒಟ್ಟಾರೆ ಅಂಥ ಏರಿಕೆ ಕಾಣಲಿಲ್ಲ. ಮೊದಲೇ ಕೊರತೆಯಿದ್ದ ಕೆಲವರಲ್ಲಿ ಮಾತ್ರ ಪ್ರಯೋಜನದ ಸೂಚನೆ ಸಿಕ್ಕಿತು. ಆಯಸ್ಸು ಹೆಚ್ಚುತ್ತದೆ ಎಂದು ಇದರಿಂದ ಯಾರೂ ಹೇಳುವಂತಿಲ್ಲ.

ತಪ್ಪು ಕಲ್ಪನೆ: ಆಂಟಿಆಕ್ಸಿಡೆಂಟ್ ಹೆಚ್ಚಾದಷ್ಟೂ ಒಳ್ಳೆಯದು.
ಸತ್ಯ: ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂತು. ಬೀಟಾ ಕ್ಯಾರೋಟಿನ್ ಎಂಬ ಆಂಟಿಆಕ್ಸಿಡೆಂಟಿನ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಬೀಡಿ ಸೇದುವ ಹಿರಿಯರಿರುವ ಮನೆಗಳು ಇದನ್ನು ನೆನಪಿಡಬೇಕು.

ತಪ್ಪು ಕಲ್ಪನೆ: ಉಪ್ಸಾರಿನ ಸತ್ವವೆಲ್ಲ ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಇರುತ್ತದೆ.
ಸತ್ಯ: ಅಮೈನೋ ಆಮ್ಲಗಳು ಸಿಗುವುದು ಊಟದ ಪ್ರೋಟೀನಿನಿಂದ, ಅದರ ಬಹುಪಾಲು ಉಳಿಯುವುದು ಬೆಂದ ಕಾಳಿನಲ್ಲಿ. ಹಲ್ಲಿಲ್ಲವೆಂದು ಹಿರಿಯರು ಮುದ್ದೆಗೆ ಕಟ್ಟನ್ನಷ್ಟೇ ಸುರಿದುಕೊಂಡು ಕಾಳನ್ನು ಮಕ್ಕಳಿಗೆ ಬಿಡುತ್ತಾರೆ. ನಿಜವಾದ ಕೊರತೆ ಹುಟ್ಟುವುದು ಅಲ್ಲಿಯೇ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 50 ಕಿಲೋ ತೂಗುವವರಿಗೆ ಸುಮಾರು 42 ಗ್ರಾಂ. ನೂರು ಗ್ರಾಂ ಒಣ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದೆ. ಕಾಳಿನಲ್ಲಿ ಗಂಧಕವುಳ್ಳ ಅಮೈನೋ ಆಮ್ಲಗಳು ಕಡಿಮೆ, ಸಿಸ್ಟೀನ್ ಅವುಗಳಲ್ಲೊಂದು. ರಾಗಿ ಆ ಕೊರತೆ ತುಂಬುತ್ತದೆ. ರಾಗಿಯಲ್ಲಿ ಕಡಿಮೆಯಿರುವ ಲೈಸಿನನ್ನು ಕಾಳು ಕೊಡುತ್ತದೆ. ಮುದ್ದೆಗೂ ಕಾಳಿಗೂ ಇರುವ ನಂಟು ರುಚಿಯದ್ದು ಮಾತ್ರವಲ್ಲ.

ತಪ್ಪು ಕಲ್ಪನೆ: ಪುಡಿ ಔಷಧಿಯಲ್ಲ, ಆದ್ದರಿಂದ ತೊಂದರೆಯಿಲ್ಲ.
ಸತ್ಯ: ಔಷಧಿಯಾಗಿ ಬಳಸುವಂತಿಲ್ಲ ಎಂದು ಡಬ್ಬದ ಮೇಲೆಯೇ ಮುದ್ರಿಸಬೇಕೆಂಬುದು ನಿಯಮ. ಆದರೆ ಔಷಧಿಯಲ್ಲ ಎಂದರೆ ತೊಂದರೆಯಿಲ್ಲ ಎಂದಲ್ಲ. ಬಹುಕಾಲದಿಂದ ಸಕ್ಕರೆ ಕಾಯಿಲೆ, ಬಿಪಿ ಇರುವವರ ಮೂತ್ರಪಿಂಡ ಸದ್ದಿಲ್ಲದೆ ಸೋತಿರಬಹುದು. ಅಂಥವರಿಗೆ ಅತಿಯಾದ ಪ್ರೋಟೀನ್ ಹೊರೆ. ಡಬ್ಬ ತೆರೆಯುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ.

ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಪಕ್ಕದಲ್ಲೇ ಊಟಕ್ಕೆ ಕೂತು ಅವಳ ತಟ್ಟೆ ನೋಡಿ. ಕಾಳು ಇಲ್ಲದಿದ್ದರೆ, ಮೆತ್ತಗೆ ಬೇಯಿಸಿ ಹಿಸುಕಿ ನೀವೇ ಬಡಿಸಿ.